ಸುಮ್ನಿರು ಗುಂಯಪ್ಪ

ಡಬ್ಬದ ಮೇಲೆ ಅಚ್ಚಾಗಿದ್ದ ನನ್ನ ಹೆಸರು ಅಕ್ಷರ, ಅಂಕಿಗಳ ಒಂದು ಉದ್ದ ಸಾಲು. ಅದು ನನಗೇ ನೆನಪಿಲ್ಲ. ಗದಗಿನ ಸುವರ್ಣಾ ನನಗಿಟ್ಟ ಹೆಸರು ಗುಂಯಪ್ಪ. ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ.

ನಾನು ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವ ಗಾಳಿ ಕೂಲರ್. ಕಂಪ್ಯೂಟರಿನ ಲೆಕ್ಕಾಚಾರವನ್ನೆಲ್ಲ ಮಾಡುವ ಪುಟ್ಟ ಚಿಪ್ ಒಂದಿರುತ್ತದೆ. ದುಡಿದಷ್ಟೂ ಅದಕ್ಕೆ ಮೈ ಕಾಯುತ್ತದೆ. ಅದರ ನೆತ್ತಿಯ ಮೇಲೆ ಕುಳಿತು ಆ ಬಿಸಿಯನ್ನು ಹೀರಿ, ಫ್ಯಾನು ತಿರುಗಿಸಿ ಹೊರಗೆ ಊದುವುದು ನನ್ನ ಕೆಲಸ. ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ತಗಡುಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ತಾಮ್ರದ ಕೊಳವೆಗಳನ್ನು ತೂರಿಸಿ ನನ್ನನ್ನು ಮಾಡಿದರು. ಕೊಳವೆಗಳೊಳಗೆ ಒಂದೊಂದು ಹನಿ ನೀರು ಬಿಟ್ಟು ಬಾಯಿ ಬೆಸೆದರು. ಬಿಸಿಯಾದಾಗ ಆ ಹನಿ ಆವಿಯಾಗಿ ಮೇಲೇರುತ್ತದೆ, ತಣಿದು ಮತ್ತೆ ಕೆಳಗಿಳಿಯುತ್ತದೆ. ನನ್ನೊಳಗೂ ನೀರಿದೆ ಎನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಹೊರಗೆ ಬಂದರಲ್ಲವೇ ಗೊತ್ತಾಗುವುದು!

ಹುಬ್ಬಳ್ಳಿಯ ಬಾಕಳೆಯವರ ಅಂಗಡಿಯಲ್ಲಿ ನನ್ನ ಪಕ್ಕಕ್ಕೆ ಒಬ್ಬ ನೀರಿನ ಕೂಲರ್ ಕೂತಿದ್ದ. ಎರಡು ಕರಿ ಪೈಪು, ಒಂದು ಪಂಪು, ಮೈತುಂಬ ಬಣ್ಣಬಣ್ಣದ ದೀಪ. ಮದುವೆ ಮನೆಗೆ ಹೊರಟವನ ಠಾಕುಠೀಕು. ಬಂದವರೆಲ್ಲ ಮೊದಲು ಅವನನ್ನೇ ಮುಟ್ಟಿ ನೋಡುತ್ತಿದ್ದರು. ನನಗೆ ಹೊಟ್ಟೆಕಿಚ್ಚಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಒಂದು ದಿನ ಗಂಡ ಹೆಂಡತಿ ಇಬ್ಬರು ಬಂದರು. ಗಂಡ ಫಕೀರೇಶ. ಗದಗಿನ ಬೆಟಗೇರಿಯಲ್ಲಿ ಮನೆಯ ಮುಂದಿನ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡವನು. ಮದುವೆ ವಿಡಿಯೋ ತೆಗೆಯುತ್ತಿದ್ದ, ಊರಲ್ಲಿ ಆಟೋ ಮೇಲೆ ಮೈಕು ಕಟ್ಟಿ ಕೂಗಿಸುವ ಜಾಹೀರಾತುಗಳನ್ನು ರೆಕಾರ್ಡ್ ಮಾಡಿಕೊಡುತ್ತಿದ್ದ. ಆ ಜಾಹೀರಾತುಗಳ ದನಿ ಹೆಂಡತಿ ಸುವರ್ಣಾಳದು. ಬಿಡಿ ಭಾಗಗಳನ್ನು ಒಂದೊಂದಾಗಿ ಆರಿಸಿ ಹೊಸ ಕಂಪ್ಯೂಟರ್ ಕಟ್ಟಿಸಲು ಬಂದಿದ್ದರು. ಎಲ್ಲ ಆರಿಸಿಯಾಗಿತ್ತು, ಕೂಲರ್ ಒಂದು ಉಳಿದಿತ್ತು.

"ಫಕೀರೇಶಣ್ಣ, ನೀರಿಂದ ಒಯ್ರಿ" ಎಂದರು ಬಾಕಳೆ. "ವಿಡಿಯೋ ಕೆಲಸ ಅಂದ್ರ ಮಷಿನ್ ಕೆಂಡ ಆಗ್ತೈತಿ. ಇದು ಸಪ್ಪಳ ಅನ್ನೂದ ಮಾಡಂಗಿಲ್ಲ."

"ಸೋರಿದ್ರ?"

"ಸೋರೂದು ಅಪರೂಪ ಬಿಡ್ರಿ. ಪಂಪ್ ಕೆಟ್ರ ಮಾತ್ರ ಹೊಸಾದ ಹಾಕ್ಬೇಕು. ಗಾಳಿದು ಗುಂಯ್ ಅಂತೈತಿ, ಆದ್ರ ಧೂಳ ಜಾಡಿಸ್ಕೋತ ಇದ್ರ ವರ್ಷಾನಗಟ್ಟಲೆ ನಡೀತೈತಿ."

ಫಕೀರೇಶ ನೀರಿನವನನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತ ನಿಂತ. ಸುವರ್ಣಾ ನನ್ನನ್ನು ಎತ್ತಿ ಕೈಯಲ್ಲಿ ತೂಗಿದಳು. "ನಮ್ಮನಿ ನಳಕ್ಕ ನೀರ ಬರೂದು ವಾರಕ್ಕೊಮ್ಮೆ. ಕುಡ್ಯಾಕ ಇಲ್ಲದ್ದು ಕಂಪ್ಯೂಟರಿಗೆ ಎಲ್ಲಿಂದ ತರೂದ್ರಿ? ಇದನ್ನ ಹಾಕ್ರಿ" ಎಂದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಬಾಕಳೆಯವರೂ ನಕ್ಕು ನನಗೆ ಸ್ಕ್ರೂ ಬಿಗಿದರು. ಹೀಗೆ ನನ್ನನ್ನು ಆರಿಸಿದವಳು ಅವಳು.

ಬೆಟಗೇರಿಯ ದಿನಗಳು ಚೆನ್ನಾಗಿದ್ದವು. ಸುವರ್ಣಾ ಮೈಕಿನ ಮುಂದೆ ಕುಳಿತು "ಬರ್ರಿ ಬರ್ರಿ, ಗದಗ ಬೆಟಗೇರಿ ಮಹಾಜನರ, ಸೀರಿ ಮ್ಯಾಲ ಭಾರಿ ರಿಯಾಯಿತಿ" ಎಂದು ಶುರು ಮಾಡಿದರೆ ಗೋಡೆಯೂ ಎದ್ದು ಸೀರೆ ಕೊಳ್ಳಲು ಹೊರಡಬೇಕು. ನಾನು ಹಿಂದಿನಿಂದ ಗುಂಯ್ ಎನ್ನುತ್ತಿದ್ದೆ. ಜಾಹೀರಾತಿಗೆ ಅದು ಲೆಕ್ಕಕ್ಕೇ ಇರಲಿಲ್ಲ, ಮೇಲೆ ಡೋಲು ಸನಾದಿಯ ಸಂಗೀತ ಸುರಿದುಬಿಡುತ್ತಿದ್ದರು. ಆದರೂ ಸುವರ್ಣಾ ಪ್ರತಿ ಸಲ ಬಾಯಿ ತೆರೆಯುವ ಮೊದಲು ನನ್ನತ್ತ ತಿರುಗಿ, "ಏ, ಸುಮ್ನಿರು ಗುಂಯಪ್ಪ" ಎಂದು ಗದರುತ್ತಿದ್ದಳು. ಅದು ಕೆಲಸ ಶುರುವಾಗುವ ಗುರುತು. ಅವರ ಮಗಳು ತನುಶ್ರೀ ಆಗಿನ್ನೂ ಅಂಬೆಗಾಲಿಡುತ್ತಿತ್ತು. ಅದು ಕಲಿತ ಮೊದಲ ಮಾತುಗಳಲ್ಲಿ ನನ್ನ ಹೆಸರೂ ಒಂದು.

ಅಮಾವಾಸ್ಯೆಗೊಮ್ಮೆ ಮಷಿನ್ನಿಗೆ ಪೂಜೆ. ಅದಕ್ಕೂ ಮೊದಲು ಸುವರ್ಣಾ ಕಂಪ್ಯೂಟರಿನ ಬಾಗಿಲು ತೆಗೆದು, ನನ್ನ ರೆಕ್ಕೆ ತಿರುಗದಂತೆ ಒಂದು ಬೆರಳು ಒತ್ತಿಹಿಡಿದು, ಬಣ್ಣದ ಬ್ರಷ್ಷಿನಿಂದ ಧೂಳು ತೆಗೆಯುತ್ತಿದ್ದಳು. ಸಂದಿಯಲ್ಲಿ ಉಳಿದದ್ದನ್ನು ಬಾಯಿಂದ ಊದುತ್ತಿದ್ದಳು. ನಾನು ಇಡೀ ತಿಂಗಳು ಊದುವವನು. ನನಗೆ ಊದುತ್ತಿದ್ದವಳು ಅವಳೊಬ್ಬಳೇ.

ತನು ಒಂದನೆಯ ತರಗತಿಗೆ ಹೋಗುವ ಹೊತ್ತಿಗೆ ಸುವರ್ಣಾಳ ದನಿ ಒಡೆಯತೊಡಗಿತು. ಶೀತವೆಂದರು, ಕೂಗಿ ಕೂಗಿ ಹಾಗಾಗಿದೆ ಎಂದರು. ಮೆಣಸಿನ ಕಷಾಯ, ಜ್ಯೇಷ್ಠಮಧು ಎಲ್ಲ ಆಯಿತು. ಕೊನೆಗೆ ಹುಬ್ಬಳ್ಳಿಯ ಡಾಕ್ಟರು ಗಂಟಲಿನೊಳಗೆ ಗಡ್ಡೆ ಬೆಳೆದಿದೆ, ದನಿಯ ಪೆಟ್ಟಿಗೆಯನ್ನೇ ಪೂರಾ ತೆಗೆಯಬೇಕು ಎಂದರು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಇನ್ನು ಮುಂದೆ ಉಸಿರಾಟವೂ ಕುತ್ತಿಗೆಯಲ್ಲಿ ಮಾಡುವ ಒಂದು ರಂಧ್ರದಿಂದ. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಾದಾಗ ಕರೆಯುತ್ತೇವೆ ಎಂದು ಕಳಿಸಿದರು.

ಅವತ್ತು ಮನೆಗೆ ಬಂದು ಸುವರ್ಣಾ ಅಳಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು, "ತನುಗ ಒಂದಿಷ್ಟು ಕಥಿ ಹೇಳಿ ಇಡ್ತೀನ್ರಿ. ಮಷಿನ್ ಚಾಲೂ ಮಾಡ್ರಿ" ಎಂದಳು.

ಫಕೀರೇಶ ಕೂಡಲೇ ಮಾಡಲಿಲ್ಲ. "ಈಗ ಬ್ಯಾಡ. ಇಷ್ಟ ದಿನ ಸೀರಿ ಮಾರಾಕ ಹೆಂಗರ ರೆಕಾರ್ಡ್ ಮಾಡಿದ್ವಿ. ಇದು ಅಕೀಗೆ ಜೀವನಪೂರ್ತಿ ಬೇಕಾಗೂದು. ಈ ಗುಂಯ್ ಗುಂಯ್ ಅದರಾಗ ಇರಬಾರ್ದು. ನೀರಿನ ಕೂಲರ್ ತರಸ್ತೀನಿ. ಕೋಣಿ ಸ್ತಬ್ಧ ಆಗ್ಲಿ, ಆಮ್ಯಾಲ ಕುಂದ್ರು."

"ಫೋನಿನಾಗರ ಮಾಡೂಣಲ್ಲ?"

"ಫೋನಿನಾಗ ಡಬ್ಬ್ಯಾಗ ಕುಂತು ಮಾತಾಡಿದಂಗ ಕೇಳತೈತಿ. ಊರ ಮಂದಿ ದನಿ ಚಲೋ ಹಿಡದು ಕೊಟ್ಟು, ನಿನ್ನ ದನಿ ಹೆಂಗರ ಹಿಡೀಲೇನು?"

ಅವನ ಪ್ರೀತಿ ಅದು. ಅದರಲ್ಲಿ ನನಗೆ ಅನುಮಾನವಿಲ್ಲ. ಕಸುಬುದಾರ ತನ್ನ ಮನೆಯದನ್ನು ಎಲ್ಲಕ್ಕಿಂತ ಚೊಕ್ಕ ಮಾಡಲು ಹೋದ. ಆದರೆ ಅವನ ಕಂಪ್ಯೂಟರಿಗೆ ಹೊಂದುವ ಕೂಲರ್ ಬೆಂಗಳೂರಿನಿಂದ ಬರಬೇಕಿತ್ತು. ಮದುವೆಯ ಹಂಗಾಮು ಬೇರೆ. ಇವತ್ತು ನರಗುಂದ, ನಾಳೆ ರೋಣ ಎಂದು ಅವನು ಕ್ಯಾಮೆರಾ ಹೊತ್ತು ಹೋಗುತ್ತಿದ್ದ.

ಸುವರ್ಣಾ ಕಾಯಲಿಲ್ಲ. ಗಂಡ ಮದುವೆಗೆ, ಮಗಳು ಶಾಲೆಗೆ ಹೋದ ಮಧ್ಯಾಹ್ನಗಳಲ್ಲಿ ಸ್ಟುಡಿಯೋದ ಬಾಗಿಲು ಹಾಕಿಕೊಳ್ಳುತ್ತಿದ್ದಳು. ರಸ್ತೆಯ ಗದ್ದಲ ಬರದಂತೆ ಕಿಟಕಿ ಮುಚ್ಚಿ ಅದರ ಮೇಲೆ ತಾಯಿ ಹೊಲಿದ ಕೌದಿ ತೂಗುಹಾಕುತ್ತಿದ್ದಳು. ಸೂರಿನ ಫ್ಯಾನು ಸದ್ದು ಮಾಡುತ್ತದೆಂದು ಅದನ್ನೂ ನಿಲ್ಲಿಸುತ್ತಿದ್ದಳು. ಮಾರ್ಚಿನ ಬಿಸಿಲು. ಕೋಣೆ ಕಾದಷ್ಟೂ ಚಿಪ್ ಕಾಯುತ್ತಿತ್ತು, ಚಿಪ್ ಕಾದಷ್ಟೂ ನಾನು ಜೋರಾಗಿ ತಿರುಗಬೇಕಾಗುತ್ತಿತ್ತು. ಅವಳು ಸದ್ದು ಕಡಿಮೆ ಮಾಡಲು ಹೆಣಗಿದಷ್ಟೂ ನನ್ನ ಸದ್ದು ಏರುತ್ತಿತ್ತು. ಆ ಮಧ್ಯಾಹ್ನಗಳಲ್ಲಿ ನಾನು ಎಷ್ಟು ಸಂಕಟಪಟ್ಟೆನೆಂದು ಹೇಳಲಾರೆ.

ಅವಳು ಸೆರಗಿನಿಂದ ಬೆವರೊರೆಸಿ, ಗುಂಡಿ ಒತ್ತಿ, ಮೈಕಿನ ಹತ್ತಿರ ಬಾಗಿ, ಒಂದು ಉದ್ದ ಉಸಿರು ತೆಗೆದುಕೊಳ್ಳುತ್ತಿದ್ದಳು. ಗಡ್ಡೆಯಿಂದಾಗಿ ಆ ಉಸಿರಿನ ತುದಿಯಲ್ಲಿ ಸಣ್ಣದೊಂದು ಸಿಳ್ಳೆ. ಆಮೇಲೆ ಒಡೆದ ದನಿಯಲ್ಲಿ, "ತನು, ಕೇಳವಾ... ಏ, ಸುಮ್ನಿರು ಗುಂಯಪ್ಪ! ನನ್ನ ಮಗಳಿಗೆ ಕಥಿ ಹೇಳಾಕತ್ತೀನಿ."

ಶಾಲೆಗೆ ಹೋದ ಹಲ್ಲಿಯ ಕಥೆ ಅದು. ಯಾರು ಏನೇ ಸುಳ್ಳು ಹೇಳಲಿ, ಗೋಡೆಯ ಮೇಲಿನ ಹಲ್ಲಿ ಲೊಚ್ ಲೊಚ್ ಎನ್ನುತ್ತಿತ್ತು. ಹಲ್ಲಿ ನುಡಿದ ಮೇಲೆ ನಿಜವೇ ಇರಬೇಕೆಂದು ಮಾಸ್ತರರು ನಂಬುತ್ತಿದ್ದರು. ಹುಡುಗರೆಲ್ಲ ಹಲ್ಲಿಗೆ ಬೆಲ್ಲದ ಲಂಚ ಕೊಡತೊಡಗಿದರು. ಹೇಳುತ್ತ ಹೇಳುತ್ತ ಸುವರ್ಣಾಗೇ ನಗು ಬರುತ್ತಿತ್ತು, ನಗುವಿನ ಹಿಂದೆಯೇ ಕೆಮ್ಮು. ಹಾಗೆ ಕೆಲವು ಕಥೆ ಹೇಳಿದಳು. ಬೆಳಿಗ್ಗೆ ಎಬ್ಬಿಸುವ ಮಾತನ್ನೂ ಇಟ್ಟಳು, "ಏಳ ತನು, ಹಾಲ ಆರಾಕತ್ತೈತಿ" ಎಂದು.

ನೀರಿನ ಕೂಲರ್ ಬಂದ ದಿನವೇ ಆಸ್ಪತ್ರೆಯಿಂದ ಫೋನು ಬಂತು. ಹಾಸಿಗೆ ಖಾಲಿಯಾಗಿದೆ, ಇವತ್ತೇ ಬಂದು ಸೇರಿಕೊಳ್ಳಿ. ಫಕೀರೇಶ ಕಂಪ್ಯೂಟರಿನ ಬಾಗಿಲು ತೆಗೆದ. ಗಡಿಬಿಡಿಯಲ್ಲಿ ಸ್ಕ್ರೂ ಬಿಚ್ಚಿ ನನ್ನನ್ನು ಕಿತ್ತು ಮೇಜಿನ ಮೇಲಿಟ್ಟ, ಆ ಜಾಗದಲ್ಲಿ ನೀರಿನವನನ್ನು ಕೂರಿಸಿದ. ಮಷಿನ್ ಚಾಲೂ ಆಯಿತು. ಬಾಕಳೆ ಸುಳ್ಳು ಹೇಳಿರಲಿಲ್ಲ. ಸದ್ದೆಂಬುದೇ ಇಲ್ಲ.

"ಈಗ ಕುಂದ್ರು ಸುವರ್ಣಾ. ಒಂದ ಒಂದು ಕಥಿ. ಗಾಡಿ ಬರೂದ್ರಾಗ ಮುಗಸೂಣು."

ಅವಳು ಕುಳಿತಳು. ಮೈಕಿನತ್ತ ಬಾಗಿದಳು. ಬಾಯಿ ತೆರೆದಳು. ಏನೂ ಹೊರಡಲಿಲ್ಲ. ಮೇಜಿನ ಮೇಲಿದ್ದ ನನ್ನ ಕಡೆ ನೋಡಿದಳು. "ಭಾಳ ಸ್ತಬ್ಧ ಐತ್ರಿ" ಎಂದಳು. "ನಂಗ ಮಾತ ಬರವಲ್ದು." ಹೊರಗೆ ಗಾಡಿಯ ಹಾರ್ನು ಕೇಳಿಸಿತು. ಅವಳ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದೇ.

ನನ್ನನ್ನು ಹಳೆಯ ಡಬ್ಬದಲ್ಲಿ ಹಾಕಿ ಸ್ಟುಡಿಯೋದ ಕಪಾಟಿನ ಮೇಲಿಟ್ಟರು. ಮುಚ್ಚಳ ಅರೆ ತೆರೆದಿತ್ತು. ಅಲ್ಲಿಂದಲೇ ಎಲ್ಲ ನೋಡಿದೆ. ಸುವರ್ಣಾ ಬಡವಾಗಿ ಮರಳಿ ಬಂದಳು, ಕುತ್ತಿಗೆಗೆ ತೆಳುವಾದ ಬಿಳಿ ಬಟ್ಟೆ. ಕುತ್ತಿಗೆಗೆ ಒತ್ತಿಹಿಡಿದು ಮಾತಾಡುವ ಯಂತ್ರವೊಂದನ್ನು ಆಸ್ಪತ್ರೆಯಲ್ಲಿ ಕೊಟ್ಟಿದ್ದರು. ಅದರಿಂದ ಬಂದ ದನಿಗೆ ಹೆದರಿ ತನು ಬಾಗಿಲ ಹಿಂದೆ ಅಡಗಿತು. ಸುವರ್ಣಾ ಆ ಯಂತ್ರವನ್ನು ತಂದು ನನ್ನ ಪಕ್ಕದಲ್ಲಿಟ್ಟಳು, ಮತ್ತೆ ಮುಟ್ಟಲಿಲ್ಲ. ಒಮ್ಮೆ ಮನೆಯ ಮುಂದೆ ಆಟೋ ಹಾದುಹೋಯಿತು. "ಬರ್ರಿ ಬರ್ರಿ, ಗದಗ ಬೆಟಗೇರಿ ಮಹಾಜನರ" ಎಂದು ಡೋಲು ಸನಾದಿಯ ನಡುವೆ ಅವಳದೇ ಹಳೆಯ ದನಿ. ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದವಳು ಮೊರ ಹಿಡಿದು ಹಾಗೇ ಕುಳಿತಳು. ಆಟೋ ತಿರುವು ದಾಟುವವರೆಗೆ ಒಂದು ಕಾಳನ್ನೂ ಮುಟ್ಟಲಿಲ್ಲ. ತನು ಮಾತ್ರ ಅದರ ಹಿಂದೆ ಓಡಿತು.

ಅವತ್ತೇ ಸುವರ್ಣಾ ಗಂಡನ ಕೈ ಹಿಡಿದು ತಂದು, ಕಂಪ್ಯೂಟರಿನಲ್ಲಿ ತಾನು ಕದ್ದು ರೆಕಾರ್ಡ್ ಮಾಡಿಟ್ಟಿದ್ದ ಕಥೆಗಳನ್ನು ತೋರಿಸಿದಳು. ಫಕೀರೇಶ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದ. ಅತ್ತ. ಆಮೇಲೆ ಕಣ್ಣೊರೆಸಿಕೊಂಡು, "ಗುಂಯ್ ಒಂದ ತಗದಬಿಟ್ರ ಮುತ್ತಿನಂಗ ಆಗ್ತೈತಿ" ಎಂದು ಕೆಲಸಕ್ಕೆ ಕುಳಿತ.

ಸದ್ದು ತೆಗೆಯುವ ಕ್ರಮ ಹೀಗೆ. ಮಾತು ಶುರುವಾಗುವ ಮುಂಚಿನ ಖಾಲಿ ತುಣುಕನ್ನು ಆರಿಸಿ, ಇದು ಕಸ ಎಂದು ಕಂಪ್ಯೂಟರಿಗೆ ತೋರಿಸಬೇಕು. ಅಂಥ ಕಸ ಎಲ್ಲೆಲ್ಲಿದೆಯೋ ಅದು ಗುಡಿಸಿಬಿಡುತ್ತದೆ. ಜಾಹೀರಾತು, ಭಾಷಣ ಎಲ್ಲಕ್ಕೂ ಫಕೀರೇಶ ಹೀಗೇ ಮಾಡುತ್ತಿದ್ದ. ಕೈಗೆ ಕೂತ ಕೆಲಸ. ಶುರುವಿನ ತುಣುಕನ್ನು ಆರಿಸಿದ. ಅದರಲ್ಲಿ ನಾನೊಬ್ಬನೇ ಇದ್ದೇನೆ ಎಂದುಕೊಂಡ. ಅಲ್ಲಿ ಸುವರ್ಣಾ ಮೈಕಿಗೆ ಬಾಗಿ ಉಸಿರು ತೆಗೆದುಕೊಳ್ಳುತ್ತಿದ್ದಳು. ನನ್ನ ಗುಂಯ್ ಒಳಗೆ ಅವಳ ಉಸಿರು ಕಲಸಿಹೋಗಿತ್ತು. ಕಂಪ್ಯೂಟರು ಎರಡನ್ನೂ ಕಸವೆಂದು ಕಲಿಯಿತು, ಎಲ್ಲ ಕಥೆಗಳಿಂದ ಎರಡನ್ನೂ ಗುಡಿಸಿತು. ಮದುವೆ ಹಂಗಾಮಿನಲ್ಲಿ ಡಿಸ್ಕಿನಲ್ಲಿ ಯಾವಾಗಲೂ ಜಾಗದ ತಾಪತ್ರಯ. ಕೆಲಸ ಮುಗಿದ ಕೂಡಲೇ ಮೂಲವನ್ನು ಅಳಿಸುವುದು ಅವನ ರೂಢಿ. ಅಳಿಸಿದ. ಆ ಜಾಗದಲ್ಲಿ ಎರಡು ಮದುವೆಯ ವಿಡಿಯೋ ತುಂಬಿದ.

ಭಾನುವಾರ ತನುವನ್ನು ಸುವರ್ಣಾಳ ತೊಡೆಯ ಮೇಲೆ ಕೂರಿಸಿ ದೊಡ್ಡ ಸ್ಪೀಕರಿನಲ್ಲಿ ಹಾಕಿದರು. "ತನು, ಕೇಳವಾ." ದನಿ ಮುತ್ತಿನಂತೆಯೇ ಇತ್ತು. ಮಗು ಕಣ್ಣರಳಿಸಿ ಕೇಳಿತು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿತು.

"ಅಪ್ಪಾ, ಅವ್ವ ಯಾರಿಗೆ ಬೈಯಾಕತ್ತಾಳ? ಗುಂಯಪ್ಪ ಎಲ್ಲದಾನ?"

ಫಕೀರೇಶ ನಕ್ಕ. ಮಗು ನಗಲಿಲ್ಲ. ಇನ್ನಷ್ಟು ಕೇಳಿ, ತಿರುಗಿ ತಾಯಿಯ ಎದೆಗೆ ಮುಖ ಒತ್ತಿತು. "ಇದು ನಮ್ಮವ್ವ ಅಲ್ಲ. ಇಕಿ ಉಸರ ಆಡಂಗಿಲ್ಲ."

ಫಕೀರೇಶ ಮತ್ತೆ ಹಾಕಿ ಕೇಳಿದ. ಮತ್ತೆ ಮತ್ತೆ ಕೇಳಿದ. ಒಂದು ಮಾತು ಮುಗಿದು ಇನ್ನೊಂದು ಶುರುವಾಗುವ ನಡುವೆ ಏನೂ ಇರಲಿಲ್ಲ. ಯಾವ ಜೀವವೂ ಹಾಗೆ ಮಾತಾಡುವುದಿಲ್ಲ. ಅವನು ಎರಡೂ ಕೈಯಿಂದ ತಲೆ ಹಿಡಿದುಕೊಂಡ. "ಉಸರನ ತಗದಬಿಟ್ನೆಲ್ಲೋ" ಎಂದ. ಡಿಸ್ಕನ್ನು ಬಾಕಳೆಯವರ ಹತ್ತಿರ ಒಯ್ದ. ಅಳಿಸಿದ್ದನ್ನು ಮರಳಿ ತೆಗೆಯುವ ವಿದ್ಯೆಯೆಲ್ಲ ಅವರು ಮಾಡಿ ನೋಡಿದರು. ಯಾರದೋ ಅಕ್ಷತೆ, ಯಾರದೋ ಆರತಿ ಬಂತು. ಸುವರ್ಣಾ ಬರಲಿಲ್ಲ. ನನ್ನ ಎದೆ ಒಡೆಯಿತು ಎನ್ನಲು ನನಗೆ ಎದೆಯಿಲ್ಲ. ಆದರೂ ಒಡೆಯಿತು.

ಮರುದಿನ ಸುವರ್ಣಾ ಕುರ್ಚಿ ಹತ್ತಿ ನನ್ನನ್ನು ಕೆಳಗಿಳಿಸಿದಳು. ಗಂಡನ ಮುಂದಿಟ್ಟು, ಬೆರಳನ್ನು ಗಾಳಿಯಲ್ಲಿ ಸುತ್ತಿಸಿ ತೋರಿಸಿದಳು. ಅವನಿಗೆ ಅರ್ಥವಾಯಿತು. ಹಳೆಯ ಅಡಾಪ್ಟರ್ ಒಂದನ್ನು ಹುಡುಕಿ ವೈರು ಸೇರಿಸಿ ನಡುವೆ ಒಂದು ಸ್ವಿಚ್ ಕೂರಿಸಿದ.

ಈಗ ನನ್ನ ಜಾಗ ಸ್ಪೀಕರಿನ ಪಕ್ಕ. ನನ್ನ ಕೆಳಗೆ ಚಿಪ್ ಇಲ್ಲ, ತಣಿಸಲು ಏನೂ ಇಲ್ಲ. ಕೊಳವೆಯ ಹನಿ ನೀರು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ತನು ಶಾಲೆಯಿಂದ ಬಂದು ಚುರುಮುರಿಯ ಬಟ್ಟಲು ಹಿಡಿದು ತಾಯಿಯ ತೊಡೆಯ ಮೇಲೆ ಒರಗುತ್ತದೆ. ಫಕೀರೇಶ ಕಥೆ ಹಚ್ಚಿ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಾನೆ, ಒಳಗೆ ಕೂರುವುದಿಲ್ಲ. ನಾನು ಗುಂಯ್ ಎನ್ನುತ್ತಿರುತ್ತೇನೆ. "ತನು, ಕೇಳವಾ... ಏ, ಸುಮ್ನಿರು ಗುಂಯಪ್ಪ!" ಎನ್ನುತ್ತದೆ ಸ್ಪೀಕರು. ಸುವರ್ಣಾ ಕೈ ಚಾಚಿ ನನ್ನ ಸ್ವಿಚ್ ಆರಿಸುತ್ತಾಳೆ.

ನನ್ನ ರೆಕ್ಕೆ ನಿಧಾನವಾಗಿ ನಿಲ್ಲುತ್ತದೆ. ಕೋಣೆ ಸ್ತಬ್ಧವಾಗುತ್ತದೆ. ಆಗ ಬಿಳಿ ಬಟ್ಟೆಯ ಹಿಂದಿನಿಂದ ಅವಳ ಉಸಿರು ಕೇಳಿಸುತ್ತದೆ. ಕಥೆ ಅವಳಿಗೆ ಬಾಯಿಪಾಠ. ಯಾವ ಮಾತಿನ ಮುಂಚೆ ಉಸಿರು ತೆಗೆದುಕೊಂಡಿದ್ದಳೋ ಅಲ್ಲೇ, ಅಷ್ಟೇ ಉದ್ದ ತೆಗೆದುಕೊಳ್ಳುತ್ತಾಳೆ. ಆಮೇಲೆ ಸ್ಪೀಕರಿನಲ್ಲಿ ಮಾತು ಬರುತ್ತದೆ. ಮಗು ಕಣ್ಣು ಮುಚ್ಚಿ ಕೇಳುತ್ತದೆ, ಹಲ್ಲಿ ಲೊಚ್ ಎಂದಾಗ ನಗುತ್ತದೆ.

ಆ ಮಾರ್ಚಿನ ಮಧ್ಯಾಹ್ನಗಳಲ್ಲಿ ಅವಳು ಎಷ್ಟು ಬೈದರೂ ಸುಮ್ಮನಿರಲು ನನ್ನಿಂದ ಆಗಿರಲಿಲ್ಲ. ಈಗ ಆಗುತ್ತದೆ. ಕಥೆ ಮುಗಿಯುವವರೆಗೂ ಸುಮ್ಮನಿರುತ್ತೇನೆ.