ಹಲೋ ಮೇಷ್ಟ್ರ ಕೊನೆಯ ಮಾತು

ಕಾರ್ಖಾನೆಯ ಹಳೆಯ ಜೊತೆಗಾರ ಐಸ್ ಮಾಮ ಬಲಗೈ ಮುಷ್ಟಿಯನ್ನು ಕಿವಿಗೊತ್ತಿಕೊಂಡು ಇನ್ನೊಮ್ಮೆ "ಹಲೋ!" ಎಂದು ಕೂಗಿದಾಗ, ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿದ್ದ ಖಾಲಿ ಶವಪೆಟ್ಟಿಗೆಯನ್ನು ಓರೆ ಮಾಡುತ್ತಿದ್ದವರೆಲ್ಲ ಒಂದು ಕ್ಷಣ ಕೈ ತಡೆದು ನಿಂತರು.

"ಮೆಲ್ಲಗೆ ಮಾಮ, ಕೆಳಗಿನ ಮನೆಯವರು ಗಾಬರಿ ಬೀಳ್ತಾರೆ," ಎಂದ ಸತ್ತವನ ತಮ್ಮ.

"ಬೀಳ್ಲಿ ಬಿಡಯ್ಯ. ಅವತ್ತು ಇಡೀ ಐಸ್ ಕಾರ್ಖಾನೆ ಗಾಬರಿ ಬಿದ್ದಿತ್ತು. ಕಂಪ್ರೆಸರ್ ಕೆಟ್ಟು ಕೂತಿದೆ, ಐಸೆಲ್ಲ ಕರಗಿ ನೀರಾಗಿ ಬಾಗಿಲಾಚೆ ಹರೀತಿದೆ. ವಾಲ್ವ್ ಬರಬೇಕಾದ್ದು ಸಮುದ್ರದ ಆ ಕಡೆಯಿಂದ. ಅವರ ಫೋನ್ ಬಂತು. ಮ್ಯಾನೇಜರು ಇಂಗ್ಲಿಷಲ್ಲಿ ಕಾಗದ ಬರೀತಿದ್ದ, ನಿಜ. ಆದರೆ ಫೋನ್ ಅಂದ್ರೆ ಅವನ ನಾಲಿಗೆ ಒಣಗೋದು. ಮುಖ ಕಾಣಲ್ಲ, ಕೈ ಕಾಣಲ್ಲ, ಕಣ್ಣು ಕಟ್ಟಿ ಬಾವಿಗೆ ಬಿಟ್ಟ ಹಾಗೆ! ನಮ್ಮೋನು ಐಸ್ ಗಡ್ಡೆ ಹೊರೋ ಆಳು, ಒದ್ದೆ ಕೈಗವಸಲ್ಲೇ ಹೋಗಿ ಎತ್ಕೊಂಡ ನೋಡು. ಯಾವ ವಾಲ್ವು, ಯಾವ ಹಡಗು, ಎಲ್ಲಾ ಇತ್ಯರ್ಥ ಮಾಡಿದ. ಕೊನೆಗೆ 'ಥ್ಯಾಂಕ್ ಯೂ ಸರ್' ಅಂತ ಆ ಫೋನಿಗೇ ತಲೆ ಬಗ್ಗಿಸಿದ. ಅವತ್ತಿಂದ ಅವನು 'ಹಲೋ ಮೇಷ್ಟ್ರು'."

"ತಾತಂಗೆ ಯಾರು ಹೇಳಿಕೊಟ್ರು?" ಮೇಲಿನ ಮೆಟ್ಟಿಲಲ್ಲಿ ಕುಳಿತಿದ್ದ ಮೊಮ್ಮಗಳು ಕೇಳಿದಳು.

"ಯಾರು ಹೇಳಿಕೊಡ್ತಾರೆ ಮಗು? ಒಬ್ಬನೇ ಕಲಿತ."

ಒಳಗಿನ ಕೋಣೆಯಲ್ಲಿ, ಬಿಳಿ ಹೊದಿಕೆಯಡಿ ಮಲಗಿದ್ದ ಗಂಡನ ತಲೆಯ ಬಳಿ ಕುಳಿತಿದ್ದ ಆಕೆಗೆ ಮೆಟ್ಟಿಲ ಮೇಲಿನ ಮಾತೆಲ್ಲವೂ ಕೇಳಿಸುತ್ತಿತ್ತು. 'ಒಬ್ಬನೇ' ಎಂಬ ಮಾತು ಕಿವಿಗೆ ಬಿದ್ದಾಗ ಆಕೆ ಹೊದಿಕೆಯ ಅಂಚನ್ನು ಎಳೆದು ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು.

ಪೆಟ್ಟಿಗೆ ಕೊನೆಗೂ ಒಳಬಂತು. ಬೆವರು ಒರೆಸಿಕೊಳ್ಳುತ್ತ ಮಗ ಎಲ್ಲರಿಗೂ ಕೇಳುವಂತೆ ಹೇಳಿದ: "ಕೊನೇಲೂ ಅಪ್ಪ ಇಂಗ್ಲಿಷೇ ಮಾತಾಡಿದ್ದು. ನರ್ಸ್ ಕಿವಿಯಾರೆ ಕೇಳಿದ್ದಾಳೆ. ಅಮ್ಮನ ಮುಖ ನೋಡಿ 'ಐ ಆಮ್ ಹಿಯರ್' ಅಂದ್ರಂತೆ. ಅದನ್ನೇ ಕಲ್ಲಿನ ಮೇಲೆ ಕೆತ್ತಿಸೋಣ ಅಂತಿದ್ದೀನಿ."

ಮೈದುನನ ಕಣ್ಣು ತುಂಬಿತು. "ಹೋಗೋರು ಇರೋರಿಗೆ ಧೈರ್ಯ ಹೇಳೋದು ಅಂದ್ರೆ! ಅತ್ತಿಗೆ, ನೀವು ಪುಣ್ಯವಂತರು."

"ಅದು ಬೇಡಪ್ಪ," ಎಂದಳು ಆಕೆ ಮಗನಿಗೆ. "ಬರೀ ಹೆಸರು ಸಾಕು."

"ಯಾಕಮ್ಮ?"

ಮಗ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಕಿವಿ ಮಂದವಾದವರೊಡನೆ ಮಾತನಾಡುವಂತೆ ಒಂದೊಂದೇ ಪದವನ್ನು ಬಿಡಿಸಿ ಹೇಳಿದ: "ಅಮ್ಮ, ಅದರ ಅರ್ಥ 'ನಾನಿದ್ದೀನಿ' ಅಂತ. ಹೆದರಬೇಡ, ನಾನಿದ್ದೀನಿ. ನಿನಗೇ ಹೇಳಿದ್ದು. ಅರ್ಥ ಆಯ್ತಾ?"

ಆಕೆ ತಲೆಯಾಡಿಸಿದಳು. ಆ ಮನೆಯಲ್ಲಿ ತಲೆಯಾಡಿಸುವುದು ಆಕೆಗೆ ಚೆನ್ನಾಗಿ ಅಭ್ಯಾಸವಾಗಿತ್ತು.

*

ಆತ ಇನ್ನೂ ಐಸ್ ಹೊರುತ್ತಿದ್ದ ಕಾಲದಲ್ಲಿ ಅವರಿಗಿದ್ದದ್ದು ಒಂದು ಕೋಣೆ, ಒಂದು ಅಡಿಗೆಮನೆ, ನಡುವೆ ಒಂದು ಬಾಗಿಲು. ಕಾರ್ಖಾನೆಯಿಂದ ಬಂದವನೇ ಆತ ರೇಡಿಯೊ ಮುಂದೆ ಕೂರುತ್ತಿದ್ದ. ಇಂಗ್ಲಿಷ್ ವಾರ್ತೆ ಓದುವವನ ಹಿಂದೆಯೇ, ಅರ್ಧ ಉಸಿರಿನಷ್ಟು ತಡವಾಗಿ, ನೆರಳಿನಂತೆ ಅದೇ ಮಾತುಗಳನ್ನು ಆಡುತ್ತಿದ್ದ. ಮೊದಲು ಕಿವಿ, ಆಮೇಲೆ ನಾಲಿಗೆ, ಅರ್ಥ ತಾನಾಗಿ ಬರುತ್ತದೆ ಎಂಬುದು ಅವನ ಸಿದ್ಧಾಂತ. ಬಕೆಟ್ಟು, ಕನ್ನಡಿ, ಸಕ್ಕರೆಯ ಡಬ್ಬ, ಕಿಟಕಿಯ ಚಿಲಕ, ಎಲ್ಲದರ ಮೇಲೂ ಇಂಗ್ಲಿಷ್ ಹೆಸರಿನ ಚೀಟಿ. "ಅಣ್ಣ, ಅತ್ತಿಗೆ ಹಣೆಗೊಂದು ಅಂಟಿಸೋದು ಮರೆತುಬಿಟ್ಟೆ," ಎಂದು ಮೈದುನ ಗೇಲಿ ಮಾಡಿದ್ದ.

ಕಣ್ಣೆದುರಿನ ಮನುಷ್ಯನೊಡನೆ ಮಾತನಾಡುವುದು ಬಂದರೂ ಫೋನು ಬಾರದು ಎಂದು ಕಂಡುಕೊಂಡ ದಿನ ಆತ ಹೆಂಡತಿಯನ್ನು ಅಡಿಗೆಮನೆಗೆ ಕಳುಹಿಸಿ ಬಾಗಿಲು ಹಾಕಿದ. ಆಚೆಗೆ ಆತ, ಈಚೆಗೆ ಈಕೆ. ಈಕೆಗೆ ಬಾಯಿಪಾಠ ಮಾಡಿಸಿದ್ದು ಕೆಲವೇ ಮಾತು: ಹಲೋ, ಹೂ ಈಸ್ ಸ್ಪೀಕಿಂಗ್, ಪ್ಲೀಸ್ ರಿಪೀಟ್. ಅರ್ಥವಾಗಲಿ ಆಗದಿರಲಿ, ಆಗಾಗ 'ಪ್ಲೀಸ್ ರಿಪೀಟ್' ಎನ್ನಬೇಕು. ಆಗ ಆತ ಹೇಳಿದ್ದನ್ನೇ ಬೇರೆ ಮಾತಿನಲ್ಲಿ ಹೇಳಬೇಕು. ಚಳಿಗಾಲವೆಲ್ಲ ಹೀಗೆ ನಡೆಯಿತು. ಒಮ್ಮೆ ಆತ ವಾಲ್ವಿನ ಅಳತೆಯನ್ನು ಬಹು ಗಂಭೀರವಾಗಿ ವಿವರಿಸುತ್ತಿದ್ದಾಗ ಈಕೆ ಒಳಗಿನಿಂದ "ರಾಂಗ್ ನಂಬರ್!" ಎಂದುಬಿಟ್ಟಳು. ಆತ ಬಾಗಿಲು ತೆರೆದ. ಇಬ್ಬರೂ ಹೊಸ್ತಿಲ ಆಚೀಚೆ ಕುಸಿದು ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಫೋನಿನ ಪ್ರಸಂಗವಾದ ಮೇಲೆ ಕಾರ್ಖಾನೆಯವರು ಆತನನ್ನು ಕಚೇರಿಗೆ ತೆಗೆದುಕೊಂಡರು. ಮನೆ ದೊಡ್ಡದಾಯಿತು. ಆತ ಇಂಗ್ಲಿಷ್ ಕಲಿಸುವ ಸಂಜೆಯ ತರಗತಿ ಶುರುವಾಯಿತು. ಅಭ್ಯಾಸಕ್ಕೆ ಬೇರೆ ಜನ ಸಿಕ್ಕರು.

*

ಮಧ್ಯಾಹ್ನದ ಹೊತ್ತಿಗೆ ಹಳೆಯ ಶಿಷ್ಯರು ಬಂದು ತುಂಬಿದರು. ಔಷಧಿ ಅಂಗಡಿಯವನು ಬಾಗಿಲ ಬಳಿ ನಿಂತು, ತಗ್ಗಿದ ದನಿಯಲ್ಲಿ ಆದರೆ ಎಲ್ಲರಿಗೂ ಕೇಳುವಂತೆ, ಹೇಳುತ್ತಿದ್ದ: "ಮೇಷ್ಟ್ರ ಮೊದಲ ಪಾಠ ಏನು ಹೇಳಿ? ತಪ್ಪು ಮಾತಾಡಿ, ನಾಚಬೇಡಿ. ತಪ್ಪಿಗೆ ಹೆದರೋನಿಗೆ ಭಾಷೆ ಬರಲ್ಲ. ನಾನು ಬದುಕಿದ್ದೇ ಆ ಮಾತಿಂದ."

"ಎರಡನೇ ಪಾಠ ಅಮ್ಮಾವ್ರದ್ದು!" ಎಂದಳು ಟ್ರಾವೆಲ್ಸ್ ಕಚೇರಿಯ ಹೆಂಗಸು. ಅಂದ ಮರುಕ್ಷಣವೇ ಬಾಯಿ ಮುಚ್ಚಿಕೊಂಡಳು. ಆದರೆ ನಗು ಆಗಲೇ ಭುಜದಿಂದ ಭುಜಕ್ಕೆ ದಾಟಿಯಾಗಿತ್ತು.

"ಛೆ, ಇವತ್ತು ಅದನ್ನ ನೆನೆಸಬಾರದು."

"ಅಮ್ಮಾವ್ರಿಗೆ ಬೇಜಾರಿಲ್ಲ ಬಿಡಿ. ಅಲ್ವಾ ಅಮ್ಮ?"

ಆಕೆ ತಲೆಯಾಡಿಸಿದಳು.

ಆ ಎರಡನೇ ಪಾಠದ ಕತೆ ಇಷ್ಟೇ. ಊಟದ ಮೇಜಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದು ಎಂದು ಆತ ಆಗಷ್ಟೇ ಕಟ್ಟಳೆ ಮಾಡಿದ್ದ. ಮಗ ಬೇಗ ಹಿಡಿದುಕೊಂಡ. ಆಕೆ ಬಡಿಸುತ್ತ ಕಿವಿಗೊಟ್ಟಳು. ಒಂದು ಸಂಜೆ ಹೊಸ ಶಿಷ್ಯನೊಬ್ಬ ಬಾಗಿಲು ತಟ್ಟಿದ, ಆತ ಮನೆಯಲ್ಲಿರಲಿಲ್ಲ. 'ಅವರು ಇಲ್ಲ' ಎನ್ನಬೇಕು. ಯಾರೋ ದೊಡ್ಡವರು ತೀರಿಕೊಂಡಾಗ ರೇಡಿಯೊದವನು 'ನೋ ಮೋರ್' ಎಂದದ್ದಕ್ಕೆ 'ಇನ್ನಿಲ್ಲ' ಎಂದು ಗಂಡನೇ ಅರ್ಥ ಹೇಳಿದ್ದ. ಆಕೆ ಧೈರ್ಯ ತಂದುಕೊಂಡು, "ಹಿ ಈಸ್ ನೋ ಮೋರ್," ಎಂದಳು. ಹುಡುಗ ಅಳುತ್ತ ಬೀದಿಗೆ ಓಡಿದ. ತಿರುವಿನಲ್ಲಿ ಮೇಷ್ಟ್ರು ತರಕಾರಿ ಚೀಲ ಹಿಡಿದು ಎದುರಾದರು.

ಆ ರಾತ್ರಿ ಆಕೆಯೂ ನಕ್ಕಿದ್ದಳು. ಆದರೆ ಆತ ಅದನ್ನು ಮರುದಿನ ತರಗತಿಯಲ್ಲಿ ಹೇಳಿದ. ಅದರ ಮರುವರ್ಷದ ತರಗತಿಯಲ್ಲೂ ಹೇಳಿದ. "ನನ್ನನ್ನ ಜೀವಂತ ಸಾಯಿಸಿದೋಳು ಒಳಗಿದ್ದಾಳೆ ನೋಡಿ," ಎಂದು ಬೆರಳು ತೋರುವನು. ಹೊಸ ಮುಖಗಳೆಲ್ಲ ಅಡಿಗೆಮನೆಯತ್ತ ತಿರುಗುವುವು. ಬೇರೆಯವರ ತಪ್ಪು ಅವರನ್ನು ಮುಂದಕ್ಕೆ ಕರೆದೊಯ್ಯುವ ಮೆಟ್ಟಿಲಾಯಿತು. ಆಕೆಯ ತಪ್ಪು ಅಲ್ಲಿಯೇ ಕಲಿಸುವ ಸಾಮಾನಾಗಿ ಉಳಿಯಿತು.

ಮತ್ತೆ ಆಕೆ ಇಂಗ್ಲಿಷಿಗೆ ಬಾಯಿ ತೆರೆಯಲಿಲ್ಲ. ಊಟದ ಮೇಜಿನ ಕಟ್ಟಳೆ ಮುರಿಯಲೂ ಇಲ್ಲ. ಉಪ್ಪು ಬೇಕಾದರೆ ಎದ್ದು ತಂದುಕೊಂಡಳು. ಮಗನ ಮದುವೆಯ ಮಾತು ಆ ಮೇಜಿನ ಮೇಲೆ ನಡೆದು ಮುಗಿದಾಗಲೂ ಸುಮ್ಮನೆ ಕುಳಿತಿದ್ದಳು. ಎಲ್ಲವೂ ಅರ್ಥವಾಗುತ್ತಿತ್ತು. ಮೊದಲು ಕಿವಿ, ಎಂದು ಆತನೇ ಹೇಳಿರಲಿಲ್ಲವೆ? ಅಷ್ಟು ವರ್ಷ ಬರೀ ಕಿವಿಯಾಗಿ ಕುಳಿತವಳು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಪಾತ್ರೆ ತೊಳೆಯುವಾಗ ನೀರಿನ ಸದ್ದಿನಡಿ ಆಕೆಯ ತುಟಿ ಅಲುಗುತ್ತಿದ್ದುದನ್ನು ಯಾರೂ ಕಂಡಿರಲಿಲ್ಲ.

*

ಆಸ್ಪತ್ರೆಯಲ್ಲಿ ಆತ ಮಾತು ನಿಲ್ಲಿಸಿದ್ದ. ಕನ್ನಡದಲ್ಲಿ ಕರೆದರೆ ರೆಪ್ಪೆಯೂ ಅಲುಗದು. ನರ್ಸ್ ಡ್ರಿಪ್ಪಿನ ಕೊಳವೆ ಸರಿಪಡಿಸುತ್ತಿದ್ದಳು. ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲಿತ್ತು.

ಆತನ ಮಾತಿನಲ್ಲೇ ಕರೆದರೆ ಬಂದಾನೇನೋ ಎಂದು ಆಕೆಗೆ ಅನ್ನಿಸಿತು. ಹೇಳಬೇಕಾದ್ದು ಒಂದೇ: ನಾನಿದ್ದೀನಿ. ಅದನ್ನು ಮನಸ್ಸಿನಲ್ಲೇ ಕಟ್ಟಿದಳು. ಮನೆಯ ಫೋನಿನಲ್ಲಿ ಶಿಷ್ಯರು 'ಈಸ್ ಸರ್ ದೇರ್?' ಎಂದು ಕೇಳುತ್ತಿದ್ದರು, ಅಂದರೆ 'ಇದ್ದಾರಾ?' ಎಂದು. 'ಇರುವುದಕ್ಕೆ' ದೇರ್. ಹಾಗಾದರೆ ಇದೂ ಹಾಗೆಯೇ. ಎರಡು ಸಲ ತೂಗಿ ನೋಡಿದಳು. ತಪ್ಪಿಲ್ಲ. ಬಾಗಿ, ಆತನ ಕಿವಿಯ ಹತ್ತಿರ, ಅಷ್ಟು ವರ್ಷಗಳ ಮೌನದ ನಂತರದ ಮೊದಲ ವಾಕ್ಯವನ್ನು ಹೇಳಿದಳು:

"ಐ ಆಮ್ ದೇರ್."

ಆತ ಕಣ್ಣು ತೆರೆದ. ಆಕೆಯ ಮುಖವನ್ನೇ ನೋಡಿದ. ಆತನ ಹುಬ್ಬು ಗಂಟಿಕ್ಕಿತು; ತರಗತಿಯಲ್ಲಿ ಯಾರಾದರೂ ತಪ್ಪಿದಾಗ ಬೀಳುತ್ತಿದ್ದ ಅದೇ ಗಂಟು.

"ಹಿಯರ್," ಎಂದ. ಉಸಿರು ಸಾಲದೆ ನಿಂತು, ಉಸಿರು ಕೂಡಿಸಿಕೊಂಡು, ವಾಕ್ಯವನ್ನು ಪೂರ್ತಿ ಮಾಡಿ ತೋರಿಸಿದ: "ಐ ಆಮ್ ಹಿಯರ್."

ನರ್ಸ್ ಕಣ್ಣೊರೆಸಿಕೊಂಡಳು. ಆತ ಆಕೆಯ ತುಟಿಯನ್ನೇ ನೋಡುತ್ತ ಕಾದ. ತರಗತಿಯಲ್ಲಿನಂತೆ ಸರಿಯಾದ ರೂಪ ಹಿಂದಿರುಗಿ ಬರಬೇಕಿತ್ತು. ಆಕೆ ಹೇಳಲಿಲ್ಲ. ಕಾಯುತ್ತಿದ್ದ ಕಣ್ಣು ಹಾಗೆಯೇ ನಿಂತುಹೋಯಿತು.

*

ಸ್ಮಶಾನದಲ್ಲಿ ಮಣ್ಣು ಮುಚ್ಚಿ ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಗೇಟಿನ ಪಕ್ಕದ ತಗಡಿನ ಮಾಡಿನಡಿ ಕಲ್ಲು ಕೆತ್ತುವವನು ನುಣುಪಾದ ಕರಿಕಲ್ಲೊಂದನ್ನು ಮಲಗಿಸಿಕೊಂಡು, ಮಗ ಹೇಳಿದ ಅಕ್ಷರಗಳನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ.

ಆಕೆ ಮಗನ ತೋಳು ಹಿಡಿದಳು. "ಕೇಳು. ಅದು ಅವರ ಮಾತಲ್ಲ. ನನ್ನ ಮಾತು. ನಾನು ಹೇಳಿದ್ದೆ, ಅವರು ತಿದ್ದಿದ್ರು ಅಷ್ಟೇ."

"ಏನು ತಿದ್ದಿದ್ರು?"

"ನನ್ನ ಇಂಗ್ಲಿಷು."

ಮಗ ಚಿಕ್ಕಪ್ಪನ ಮುಖ ನೋಡಿದ. ಮಗನ ತುಟಿಯ ಅಂಚಿನಲ್ಲಿ, ದುಃಖದ ಮಧ್ಯದಲ್ಲೂ ತಡೆಯಲಾಗದೆ, ತರಗತಿಯ ಆ ಹಳೆಯ ನಗು ಮೂಡಿ ಮರೆಯಾಯಿತು.

"ನೀನು ಇಂಗ್ಲಿಷ್ ಮಾತಾಡಿದ್ಯಾ ಅಮ್ಮ?"

"ಊಟ ಮಾಡಿಲ್ಲ, ನಿದ್ದೆ ಇಲ್ಲ," ಎಂದ ಮೈದುನ. "ಅತ್ತಿಗೇನ ಕೂರಿಸಪ್ಪ ಮೊದಲು."

ಆಕೆಯನ್ನು ಕೆತ್ತುವವನ ಬೆಂಚಿನ ಮೇಲೆ ಕೂರಿಸಿದರು. ಯಾರೋ ನೀರು ಕೊಟ್ಟರು. ಮಗ ಕಲ್ಲಿನತ್ತ ಕೈ ತೋರಿಸಿ, "ಶುರು ಮಾಡಿ," ಎಂದು ಹೇಳಿ ಶಿಷ್ಯರನ್ನು ಬೀಳ್ಕೊಡಲು ಗೇಟಿನತ್ತ ನಡೆದ.

ಮೊಮ್ಮಗಳು ಮಾತ್ರ ಹೋಗಲಿಲ್ಲ. ಬೆಂಚಿನ ತುದಿಯಲ್ಲಿ ಕುಳಿತು ಅಜ್ಜಿಯ ಬಾಯಿಯನ್ನೇ ನೋಡಿದಳು, ಅದನ್ನು ಈವರೆಗೆ ಕಂಡೇ ಇಲ್ಲವೆಂಬಂತೆ.

"ಅಜ್ಜಿ, ನಿಜವಾಗ್ಲೂ ಮಾತಾಡಿದ್ಯಾ? ತಾತನ ಹತ್ರ? ಏನಂದೆ?"

ಆಕೆ ನೀರಿನ ಲೋಟವನ್ನು ಕೆಳಗಿಟ್ಟಳು. ಹೇಳಿದಳು. ಹೇಗೆ ಕಟ್ಟಿದ್ದಳೋ ಹಾಗೆಯೇ, ತಿದ್ದದೆ ಹೇಳಿದಳು. ಅದೇ ಕ್ಷಣಕ್ಕೆ ಉಳಿ ಮೊದಲ ಅಕ್ಷರದ ಮೇಲೆ ಕೂತು, ಸುತ್ತಿಗೆ ಬಿದ್ದು, ಕಲ್ಲಿನ ಸದ್ದು ತಗಡಿನ ಮಾಡಿಗೆಲ್ಲ ತುಂಬಿತು.

ಬಿಳಿಯ ಪುಡಿ ಇಬ್ಬರ ಕಾಲಿನ ಮೇಲೂ ಉದುರಿತು. ಕೆತ್ತುವವನು ಸುತ್ತಿಗೆಯನ್ನು ಮತ್ತೆ ಮೇಲೆತ್ತಿದ. ಹುಡುಗಿ ಅವಸರದಿಂದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ಅಜ್ಜಿಯ ತುಟಿಗೆ ತಾಕುವಷ್ಟು ಹತ್ತಿರ ಬಾಗಿದಳು.

"ಕೇಳಿಸ್ಲಿಲ್ಲ ಅಜ್ಜಿ. ಇನ್ನೊಂದ್ಸಲ ಹೇಳು."