ಕಾಗೆ ಅಂದದ್ದು

ಎಣ್ಣೆ ಬಟ್ಟೆಯನ್ನು ನೆಲಕ್ಕೆ ಒತ್ತಿ ಹಿಡಿದೆ. ಅಂಟು ಮೆತ್ತಗಾದ ಮೇಲೆ ಮೊಂಡು ಚಾಕುವಿನಿಂದ ಕೆರೆದೆ. ಹ್ಯಾಂಡ್‌ಬಾಲ್ ಆಡುವವರು ಚೆಂಡು ಜಾರದಿರಲೆಂದು ಬೆರಳಿಗೆ ರಾಳ ಮೆತ್ತಿಕೊಳ್ಳುತ್ತಾರೆ. ಬಿದ್ದಲ್ಲೆಲ್ಲ ಅದು ಅಂಗೈ ಗುರುತಾಗಿ ನೆಲಕ್ಕೆ ಹಿಡಿಯುತ್ತದೆ. ಗೋಲಿನ ಮುಂದಿದ್ದ ಈ ಅಂಗೈ ನನ್ನ ಅಕ್ಕ ನಾರ್ಚೀಸಾಳದು. ಅವಳು ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. ಮೇಲಿನ ಕೋಣೆಯಲ್ಲಿ ಲೀಗಿನವರು ಅವಳ ವಿಚಾರಣೆಗೆಂದು ಬಂದು ಕೂತಿದ್ದರು.

ಶನಿವಾರದ ಪಂದ್ಯದಲ್ಲಿ ಅಕ್ಕನನ್ನು ಕೆಡವಿದವಳಿಗೆ ಶಿಕ್ಷೆಯಾಗಲಿಲ್ಲ. ಬಿದ್ದಲ್ಲಿಂದಲೇ ಅಕ್ಕ ಕೈಚಾಚಿ ನ್ಯಾಯ ಕೇಳಿದಳು. ರೆಫರಿ ಗ್ರೋಜಾ ಬಗ್ಗಿ, "ಏಳೇ ಕಾಗೆ, ನಿಮ್ಮ ಡೇರೇಲಿ ಹೋಗಿ ಕಿರುಚ್ಕೋ" ಅಂದ. ಜಿಪ್ಸಿ ಅನ್ನುತ್ತಾರಲ್ಲ, ಆ ನಮ್ಮ ರೊಮಾ ಜನಕ್ಕೆ ರೊಮೇನಿಯಾದಲ್ಲಿ ಹೀಯಾಳಿಸಿ ಇಟ್ಟ ಹೆಸರು ಕಾಗೆ. ನಾನು ಅವನ ಬೂಟಿನ ಪಕ್ಕದಲ್ಲೇ ಮಂಡಿಯೂರಿ ನೆಲದ ಬೆವರು ಒರೆಸುತ್ತಿದ್ದೆ. ನೆಲ ಒರೆಸುವವಳಿಗೂ ಕಿವಿ ಇರುತ್ತದೆಂದು ಅವನಿಗೆ ಹೊಳೆಯಲಿಲ್ಲ.

ಪಂದ್ಯ ಮುಗಿದ ಮೇಲೆ ಅಕ್ಕ ಊರಿನ ಟಿವಿಯವರ ಮುಂದೆ ಅದನ್ನು ಹೇಳಿದಳು. ಸೋಮವಾರ ಬೆಳಗ್ಗೆ ಲೀಗಿನ ಕಾಗದ ಬಂತು: ಅಧಿಕಾರಿಯನ್ನು ಬಹಿರಂಗವಾಗಿ ಟೀಕಿಸಿದ್ದಕ್ಕೆ ಐದು ಸಾವಿರ ಲೆಯಿ ದಂಡ. ಕಟ್ಟುವವರೆಗೆ ಆಡುವಂತಿಲ್ಲ. ಅದು ಅಕ್ಕನ ಎರಡು ತಿಂಗಳ ಸಂಬಳ. ಆಡದಿದ್ದರೆ ಕ್ಲಬ್ಬು ಕೊಟ್ಟ ಕೋಣೆಯೂ ಇಲ್ಲ. ಆ ಕೋಣೆಯಲ್ಲಿ ನಾನೂ ಇದ್ದೇನೆ.

ಮೇಲಿನಿಂದ ಕೂಗಿದರು. ಅಕ್ಕ ಎದ್ದಳು. "ನೀನು ಬಾಯಿ ಬಿಚ್ಬೇಡ ಕಣೇ ಸಿದೋನಿಯಾ."

"ನಾನ್ ಯಾವತ್ತು ಬಿಚ್ಚಿದೀನಿ?"

"ಅದೂ ಸರಿ." ಅವಳಿಗೆ ನಗು ಬಂತು.

ಕ್ಲಬ್ಬಿನ ಮ್ಯಾನೇಜರು ನನ್ನ ಕೈಗೆ ಕಾಫಿ ತಟ್ಟೆ ಕೊಟ್ಟು ಅವಳ ಹಿಂದೆಯೇ ಕಳಿಸಿದ.

ಶಿಸ್ತು ಸಮಿತಿಯ ಮಾನೋಲೆ ಒಂದು ಹಾಳೆ ಮುಂದಕ್ಕೆ ತಳ್ಳಿದ. "ಇದಕ್ಕೊಂದು ಸೈನ್ ಹಾಕಮ್ಮ. 'ಗಲಾಟೇಲಿ ತಪ್ಪಾಗಿ ಕೇಳಿಸ್ತು' ಅಂತ ಬರೆದಿದೀವಿ. ದಂಡ ಮಾಫಿ."

"ಸರಿಯಾಗೇ ಕೇಳಿಸ್ತು ಸಾರ್. ಕಾಗೆ ಅಂದ."

"ಅಂದ್ನೋ ಬಿಟ್ನೋ, ಅದು ಈ ಫೈಲಲ್ಲಿಲ್ಲ. ಟಿವಿ ಮುಂದೆ ನೀನು ಅಂದ್ಯಾ ಇಲ್ವಾ?"

"ಅಂದೆ."

"ಮುಗೀತಲ್ಲ."

"ಹಂಗಾದ್ರೆ ಅವನು ಅಂದಿದ್ದು ಯಾವ ಫೈಲಲ್ಲಿದೆ?"

ಕಿಟಕಿಯ ಬಳಿ ಕೂತಿದ್ದ ಗ್ರೋಜಾ ನನ್ನ ತಟ್ಟೆಯಿಂದ ಲೋಟ ಎತ್ತಿಕೊಂಡ. "ಆಡೋಕೆ ಸೇರಿಸ್ಕೊಂಡಿದ್ದೇ ಹೆಚ್ಚಾಯ್ತು. ಈಗ ಫೈಲು ಬೇರೆ ಬೇಕಂತೆ."

"ದೂರು ಇದ್ರೆ ಪಂದ್ಯ ಮುಗಿದ ಒಂದ್ಗಂಟೇಲಿ ಬರೆದು ಕೊಡ್ಬೇಕಿತ್ತು," ಮಾನೋಲೆ ಅಂದ.

"ಕೊಟ್ಟೆನಲ್ಲ! ಸ್ಕೋರು ಬರೆಯೋ ಮೇಜಿನೋರು ತಗೊಳ್ಳಲಿಲ್ಲ. ರೆಫರಿ ಸೈನ್ ಹಾಕಿಸ್ಕೊಂಡು ಬಾ ಅಂದ್ರು."

"ಹಾಕಿಸ್ಕೋಬೇಕಿತ್ತು."

"ಈ ಬೋಳಿಮಗ ಹಾಕ್ತಾನಾ?"

ಮಾನೋಲೆ ಪಕ್ಕದಲ್ಲಿ ಕೂತು ಟೈಪ್ ಮಾಡುವವಳ ಕಡೆ ತಿರುಗಿದ. "ಬರ್ಕೊಳ್ಳಮ್ಮ. ಇನ್ನೊಂದು ಟೀಕೆ. ಇನ್ನೊಂದು ಸಾವಿರ."

ಕೀಲಿಮಣೆ ಟಕಟಕ ಅಂದಿತು. ಅಕ್ಕ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಪೆನ್ನು ಎತ್ತಿಕೊಂಡಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ.

"ನನಗೂ ಕೇಳಿಸ್ತು ಸಾರ್."

ಎಲ್ಲರೂ ತಿರುಗಿದರು.

"ನೀನ್ಯಾರೇ?" ಗ್ರೋಜಾ ಕೇಳಿದ.

"ನಿಮ್ಮ ಕಾಲಡೀಲಿ ನೆಲ ಒರೆಸ್ತಿದ್ದೋಳು."

"ಲೀಗಿನ ಸಾಕ್ಷಿ ಪಟ್ಟೀಲಿ ಇವಳಿಲ್ಲ," ಮಾನೋಲೆ ಟೈಪ್ ಮಾಡುವವಳಿಗೆ ಹೇಳಿದ. "ಇದನ್ನ ಬರೀಬೇಡ."

ಟಕಟಕ ನಿಂತಿತು.

ತಟ್ಟೆ ಕೆಳಗಿಟ್ಟೆ. ಅಕ್ಕನ ಪೆನ್ನಿನಡಿಯಿಂದ ಹಾಳೆ ಎಳೆದುಕೊಂಡೆ. ಅದನ್ನು ಮಗುಚಿ, ಖಾಲಿ ಬದಿ ಮೇಲೆ ಮಾಡಿ, ಟೈಪ್ ಮಾಡುವವಳ ಮುಂದಿಟ್ಟೆ.

"ಸಿದೋನಿಯಾ ಬುರ್ಚಾ. ಅವನು ಕಾಗೆ ಅಂದಿದ್ದನ್ನ ನಾನು ಕೇಳಿದೀನಿ. ಬರ್ಕೊಳ್ಳಿ ಮೇಡಂ."

ಅವಳು ಎರಡೂ ಕೈಗಳನ್ನು ಮಡಿಲಿಗೆ ಇಳಿಸಿಕೊಂಡಳು.

"ಬರ್ಕೊಳ್ಳಿ."