ಊಟದ ಹೊತ್ತಿನ ಮೌನ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಶಿರಹಟ್ಟಿಯ ವಾಸುದೇವಾಚಾರ್ಯರಿಗೆ ಈ ಗಾದೆಯ ಮೊದಲರ್ಧ ಮಾತ್ರ ಒಲಿದಿತ್ತು. ಗುಡಿಯ ಪೂಜೆ ಮುಗಿಸಿ ಬಂದು ಊಟಕ್ಕೆ ಕೂತರೆಂದರೆ ಕೈ ತೊಳೆಯುವವರೆಗೆ ಮೌನ. ಉಪ್ಪು ಬೇಕಾದರೂ ಬೆರಳು ತೋರಿಸುವುದೇ. ಅಪ್ಪ ಪಾಲಿಸಿದ್ದು, ಅಜ್ಜ ಪಾಲಿಸಿದ್ದು, ತಾವು ಬಿಡುವುದುಂಟೇ? ಉಳಿದ ಹೊತ್ತಿನಲ್ಲಿ ಮಾತ್ರ ಅವರು ಬಾಯಿ ತೆರೆದರೆ ಎದುರಿದ್ದವರಿಗೆ ಸಂದು ಸಿಗುತ್ತಿರಲಿಲ್ಲ. ಮಗ ‘ಅಪ್ಪಾ’ ಎನ್ನುವಷ್ಟರಲ್ಲಿ ಅವನ ಮಾರ್ಕು, ಅವನ ಕೂದಲು, ಅವನ ಮೊಬೈಲು ಎಲ್ಲದರ ಮೇಲೂ ಒಂದೊಂದು ಪ್ರವಚನ ಆಗಿಬಿಡುತ್ತಿತ್ತು.

ಹಾಗಾಗಿ ಹದಿನೇಳರ ಹೇಮಂತ, ಪಾಪ, ಅಪ್ಪ ಬಾಯಿ ಮುಚ್ಚಿಕೊಂಡಿರುವ ಹೊತ್ತನ್ನೇ ಆರಿಸಿಕೊಂಡ. ತಾಯಿ ಪದ್ಮಜಾಬಾಯಿ ಸಾರು ಬಡಿಸಿ ಒಳಗೆ ಹೋಗಿದ್ದರು.

“ಅಪ್ಪಾ, ನಾ ಮಡೀಲೆ ಒದ್ದಿ ಪಂಜಿ ಉಟ್ಟು ಗುಡಿಗೆ ನೀರು ತರೂದನ್ನ ಯಾರೋ ವಿಡಿಯೋ ಮಾಡ್ಯಾರ. ಕಾಲೇಜಿನ್ಯಾಗ ಎಲ್ಲಾರೂ ಅದನ್ನ ನೋಡಿ ನಗ್ತಾರ. ನನಗ ಅಲ್ಲಿಗೆ ಹೋಗಲಿಕ್ಕೆ ಆಗವಲ್ದು. ಏನ್ ಮಾಡ್ಲಿ?”

ಆಚಾರ್ಯರ ಕೈಯಲ್ಲಿ ತುತ್ತು ನಿಂತಿತು. ಮಗನ ಹೆಗಲ ಮೇಲೆ ಕೈಯಿಡಬೇಕೆನಿಸಿತು, ಎಂಜಲು ಕೈ. ಊಟವಾಗಲಿ, ಆಮೇಲೆ ಕೂಡಿಸಿಕೊಂಡು ಕೇಳೋಣ ಎಂದುಕೊಂಡು, ಉಣ್ಣು ಎಂದು ಅವನ ತಾಟಿನತ್ತ ಸನ್ನೆ ಮಾಡಿದರು. ತಾವೂ ಮಜ್ಜಿಗೆ ಅನ್ನದವರೆಗೆ ಉಂಡರು. ಮಗ ಅವರ ಮುಖವನ್ನೇ ನೋಡುತ್ತ ಕೂತಿದ್ದ. ಆ ನೋಟ ಕಂಡ ಮೇಲೂ ತಂದೆಯಾದವನಿಗೆ ಅನ್ನ ಇಳಿಯಿತಲ್ಲ, ಅದಕ್ಕೆ ಏನನ್ನಬೇಕೋ ನನಗೆ ತಿಳಿಯದು.

ಕೈ ತೊಳೆದು ಬಂದು, “ಏನೋ ಅಂದೆಲ್ಲ, ಹೇಳಪಾ,” ಎಂದರು.

“ಏನಿಲ್ರಿ.”

ಅಂದಿನಿಂದ ಹುಡುಗನ ಬಾಯಿಂದ ಬಂದದ್ದು ಇದೊಂದೇ ಮಾತು. ಬೆಳಿಗ್ಗೆ ಗದಗಿನ ಬಸ್ಸು ಹತ್ತುತ್ತಿದ್ದ, ಸಂಜೆ ಬರುತ್ತಿದ್ದ. ಅವನು ಕಾಲೇಜಿನ ಮುಖವನ್ನೇ ನೋಡುತ್ತಿಲ್ಲ, ದಿನವೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಒಬ್ಬನೇ ಕೂತಿರುತ್ತಾನೆ ಎಂದು ಊರವರು ಖಬರು ತಂದಾಗ ಆಚಾರ್ಯರ ಜೀವ ಹಾರಿತು. ಬೈದು ನೋಡಿದರು, ರಮಿಸಿ ನೋಡಿದರು, ನೀರು ತರುವ ಕೆಲಸ ಬಿಡಿಸಿದರು. ಏನಿಲ್ರಿ, ಏನಿಲ್ರಿ. ಕೊನೆಗೆ ಹೆಂಡತಿಯ ಮುಂದೆ ನಡೆದದ್ದನ್ನೆಲ್ಲ ಹೇಳಿ ಅತ್ತೂಬಿಟ್ಟರು. ಅವನಾಗಿ ಕೇಳಿದಾಗ ನೀವು ಮಾತಾಡಲಿಲ್ಲ, ಈಗ ನೀವು ಕೇಳಿದರೆ ಅವನು ಹೇಗೆ ಮಾತಾಡಬೇಕು ಎಂದರು ಪದ್ಮಜಾಬಾಯಿ. ಸುಳ್ಳೇನೂ ಹೇಳಲಿಲ್ಲ.

ಮುಂದಿನ ಭಾನುವಾರ ತಂದೆ ಮಗ ಎದುರುಬದುರು ಊಟಕ್ಕೆ ಕೂತಿದ್ದರು. ಆಚಾರ್ಯರು ಮೊದಲ ತುತ್ತು ನುಂಗಿ, ಬುದ್ಧಿ ಬಂದಂದಿನಿಂದ ಮೊದಲ ಸಲ, ತಾಟಿನ ಮುಂದೆ ಬಾಯಿ ತೆರೆದರು. ಬಡಿಸುತ್ತಿದ್ದ ಪದ್ಮಜಾಬಾಯಿಯ ಕೈ ಅಲ್ಲೇ ನಿಂತಿತು.

“ಹೇಮಂತಾ, ನಂದು ತಪ್ಪಾತಪಾ. ಅವತ್ತು ಊಟಾ ಬಿಟ್ಟು ನಿನ್ನ ಮಾತು ಕೇಳಬೇಕಿತ್ತು. ಈಗ ಹೇಳು. ಎಷ್ಟು ಹೊತ್ತಾದರೂ ಕೇಳ್ತೀನಿ.”

ಹುಡುಗ ತಲೆ ಎತ್ತಿದ. ಸಿಟ್ಟಿದ್ದಿದ್ದರೆ ಆಚಾರ್ಯರು ತಡೆದುಕೊಳ್ಳುತ್ತಿದ್ದರು; ಅವನ ಮುಖದಲ್ಲಿ ಏನೂ ಇರಲಿಲ್ಲ. ಅನ್ನ ಕಲಸಿಕೊಳ್ಳುತ್ತ ಮೆಲ್ಲಗೆ ಅಂದ:

“ಉಣ್ರಿ ಅಪ್ಪಾ. ಊಟದಾಗ ಮಾತಾಡಬಾರದು.”